ಕ್ಲೀನ್ ಮಾಡಿಸಿದರೆ ಮುಗಿಯಲಿಲ್ಲ: ಗುಳ್ಳೆ ಬಸಿರಿನ ಬಾಕಿ ಲೆಕ್ಕ

ಬೆಳಗಿನ ಏಳರ ಬಸ್ಸು. ಶಿರಾ ಕಡೆಯಿಂದ ತುಮಕೂರಿಗೆ ಬರುವ ಬಸ್ಸೆಂದರೆ ಗೊತ್ತಲ್ಲ, ಕಾಲೇಜು ಹುಡುಗರು, ಕೋರ್ಟಿನ ವಾಯಿದೆಗೆ ಹೊರಟವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮಂಡಿಗೆ ಹೋಗುವ ಸಾಹುಕಾರರು. ಇವರ ನಡುವೆ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆ ಫೈಲು ಇಟ್ಟುಕೊಂಡು ಕೂತ ಹೆಣ್ಣುಮಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ಆಸ್ಪತ್ರೆ ಫೈಲು ಯಾರ ಮನೆಯಲ್ಲಿಲ್ಲ ಹೇಳಿ?

ಹೀಗೊಂದು ಸಂಸಾರ ಎಂದಿಟ್ಟುಕೊಳ್ಳಿ. ಊರೂ ಬೇಡ, ಹೆಸರೂ ಬೇಡ. ಯಾವ ತಾಲ್ಲೂಕಿನಲ್ಲಾದರೂ ಆಗುವಂಥದ್ದು. ಗಂಡನಿಗೆ ಬಸ್ ಸ್ಟ್ಯಾಂಡ್ ಪಕ್ಕ ಚಿಲ್ಲರೆ ಅಂಗಡಿ. ಮದುವೆಯಾಗಿ ಎರಡು ವರ್ಷ. ಮುಟ್ಟು ನಿಂತಿತು, ಮೆಡಿಕಲ್ ಸ್ಟೋರಿನಿಂದ ತಂದ ಪಟ್ಟಿಯಲ್ಲಿ ಎರಡು ಗೆರೆ ಬಂತು, ಅತ್ತೆ ದೇವಸ್ಥಾನದಲ್ಲಿ ಕಾಯಿ ಒಡೆಸಿದರು. ಆಮೇಲೆ ವಾಂತಿ. ಬಸುರಿಗೆ ವಾಂತಿ ಸಹಜ, ಆದರೆ ಇದು ನೀರು ಕುಡಿದರೂ ನಿಲ್ಲದ ವಾಂತಿ. ಎರಡೂವರೆ ತಿಂಗಳಿಗೇ ಹೊಟ್ಟೆ ನಾಲ್ಕು ತಿಂಗಳಷ್ಟು ಕಂಡಿತು. ‘ಅವಳಿ ಇರಬೇಕು ಕಣೇ’ ಎಂದು ಪಕ್ಕದ ಮನೆಯಾಕೆ ಸಂತೋಷಪಟ್ಟರು. ಒಂದು ದಿನ ಸೀರೆಯಲ್ಲಿ ಕಲೆ. ಕಂದು ಬಣ್ಣದ ರಕ್ತ, ಅದರ ಜೊತೆ ನೆನೆಸಿದ ಸಬ್ಬಕ್ಕಿಯಂಥ ಗುಳ್ಳೆಗಳು.

ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಒಳಗೆ ಮಗು ಇಲ್ಲಮ್ಮ’ ಎಂದರು.

ಕ್ಲೀನ್ ಮಾಡಿದರು. ಮನೆಗೆ ಕಳಿಸುವಾಗ ಒಂದು ಚೀಟಿ ಬರೆದುಕೊಟ್ಟರು: ವಾರಕ್ಕೊಂದು ಸಲ ಬಂದು ರಕ್ತ ಕೊಡಬೇಕು, ಮತ್ತೆ ಬಸಿರಾಗಬಾರದು, ತಪ್ಪಿಸಬಾರದು. ಮೊದಲ ವಾರ ಗಂಡ ಅಂಗಡಿ ಬಾಗಿಲು ಹಾಕಿ ಜೊತೆಗೆ ಬಂದ. ಎರಡನೇ ವಾರ ತಮ್ಮನನ್ನು ಕಳಿಸಿದ. ಮೂರನೇ ವಾರ ಊರ ಜಾತ್ರೆ. ನಾಲ್ಕನೇ ವಾರದ ಹೊತ್ತಿಗೆ ಮನೆಯಲ್ಲಿ ಮಾತು ಶುರು: ‘ಮೈ ಕೈ ಚೆನ್ನಾಗಿದೆ. ಕ್ಲೀನ್ ಮಾಡ್ಸಿ ಆಯ್ತಲ್ಲ. ಇನ್ನೇನ್ ವಾರ ವಾರ ರಕ್ತ ಕೊಡೋದು? ಡಾಕ್ಟರ್‌ಗೆ ಲ್ಯಾಬಿನವರ ಕಮಿಷನ್ ಇರ್ಬೇಕು.’

ಅಪಾಯ ಇರುವುದು ಈ ಮಾತಿನಲ್ಲೇ.

ಮಗುವಿಲ್ಲದ ಮಾಸು

ಹೆರಿಗೆಯಾದ ಮೇಲೆ ಮಗುವಿನ ಹಿಂದೆ ಬೀಳುತ್ತದಲ್ಲ, ನಮ್ಮ ಕಡೆ ಮಾಸು ಅಂತಾರೆ, ಕೆಲವರು ಕಸ ಅಂತಾರೆ, ಅದು ಕಸವಲ್ಲ. ಒಂಬತ್ತು ತಿಂಗಳೂ ತಾಯಿಯ ರಕ್ತದಿಂದ ಮಗುವಿಗೆ ಅನ್ನ, ಗಾಳಿ ಸಾಗಿಸುವುದು ಅದೇ. ಗರ್ಭಕೋಶದ ಗೋಡೆಯೊಳಗೆ ಬೇರು ಬಿಟ್ಟು ತಾಯಿಯ ರಕ್ತನಾಳಗಳ ತನಕ ಹೋಗುವ ಶಕ್ತಿ ಅದರ ಕಣಗಳಿಗೆ ಹುಟ್ಟಿನಿಂದಲೇ ಇದೆ. ಸರಿಯಾದ ಬಸಿರಿನಲ್ಲಿ ಆ ಬೇರು ಒಂದು ಹದಕ್ಕೆ ನಿಲ್ಲುತ್ತದೆ. ಹದ ತಪ್ಪಿದಾಗ ಹುಟ್ಟುವ ಕಾಯಿಲೆಗಳ ಗುಂಪೇ ಈ ಮಾಸಿನ ಗಡ್ಡೆಗಳು.

ಗುಂಪಿನಲ್ಲಿ ಹೆಚ್ಚಾಗಿ ಕಾಣುವುದು ಮೇಲೆ ಹೇಳಿದ ಗುಳ್ಳೆ ಬಸಿರು. ಡಾಕ್ಟರುಗಳು ಮೋಲಾರ್ ಪ್ರೆಗ್ನೆನ್ಸಿ ಅಥವಾ ಬರೀ ಮೋಲ್ ಎನ್ನುತ್ತಾರೆ. ದ್ರಾಕ್ಷಿ ಗೊಂಚಲಿನ ಬಸಿರು ಎನ್ನುವವರೂ ಉಂಟು. ಮಾಸಿನ ಎಳೆಗಳು ನೀರು ತುಂಬಿಕೊಂಡು ಗೊಂಚಲು ಗೊಂಚಲಾಗಿ ಊದಿಕೊಳ್ಳುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 1000 ಬಸಿರಿಗೆ ಒಂದು ಎಂಬ ಲೆಕ್ಕ, ಏಷ್ಯಾದ ದೇಶಗಳಲ್ಲಿ ಅದಕ್ಕಿಂತ ಹೆಚ್ಚು ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ತೀರಾ ಚಿಕ್ಕ ವಯಸ್ಸಿನಲ್ಲಿ ಬಸಿರಾದವರಿಗೆ, 40 ದಾಟಿದ ಮೇಲೆ ಬಸಿರಾದವರಿಗೆ ಸಂಭವ ಜಾಸ್ತಿ. ಮಿಕ್ಕಂತೆ ಯಾರಿಗೆ ಬೇಕಾದರೂ ಬರಬಹುದು.

ಯಾಕೆ ಬರುತ್ತದೆ? ಇದನ್ನು ಅತ್ತೆಯಂದಿರು ಗಮನಕೊಟ್ಟು ಓದಬೇಕು. ದೃಷ್ಟಿ ತಾಗಿದ್ದರಿಂದ ಬರುವುದಿಲ್ಲ. ಪರಂಗಿ ಹಣ್ಣು ತಿಂದದ್ದಕ್ಕೆ, ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ, ಕೊಡ ಹೊತ್ತದ್ದಕ್ಕೆ ಬರುವುದಿಲ್ಲ. ಬಸಿರು ನಿಂತ ಮೊದಲ ಗಳಿಗೆಯಲ್ಲೇ ಲೆಕ್ಕ ತಪ್ಪಿರುತ್ತದೆ. ತಾಯಿಯ ಅಂಡದಿಂದ ಅರ್ಧ, ತಂದೆಯ ವೀರ್ಯಾಣುವಿನಿಂದ ಅರ್ಧ ವರ್ಣತಂತುಗಳು ಸೇರಿದರೆ ಮಗು. ಪೂರ್ಣ ಗುಳ್ಳೆ ಬಸಿರಿನಲ್ಲಿ ಅಂಡದೊಳಗೆ ತಾಯಿಯ ಪಾಲು ಇರುವುದೇ ಇಲ್ಲ. ತಂದೆಯ ಪಾಲೇ ಎರಡರಷ್ಟಾಗಿ ಕೂತಿರುತ್ತದೆ. ಹಾಗಾಗಿ ಮಗು ಬೆಳೆಯುವುದಿಲ್ಲ, ಬರೀ ಮಾಸು ಬೆಳೆಯುತ್ತದೆ. ಇನ್ನೊಂದು ಬಗೆ ಅರೆ ಗುಳ್ಳೆ ಬಸಿರು. ಒಂದು ಅಂಡಕ್ಕೆ ಎರಡು ವೀರ್ಯಾಣು ಸೇರಿ, 46 ಇರಬೇಕಾದ ವರ್ಣತಂತು 69 ಆಗಿರುತ್ತವೆ. ಅಲ್ಲಿ ಮಗುವಿನ ಆಕಾರ ಸ್ವಲ್ಪ ಮೂಡಿರಬಹುದು, ಆದರೆ ಉಳಿಯುವುದಿಲ್ಲ. ಸೊಸೆಯನ್ನು ಬೈಯುವವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಪೂರ್ಣ ಬಗೆಯಲ್ಲಿ ಇರುವ ಪಾಲೆಲ್ಲಾ ಗಂಡನ ಕಡೆಯದೇ. ಹಾಗೆಂದು ಗಂಡನನ್ನು ಬೈಯಲೂ ಹೋಗಬೇಡಿ, ಅವನ ಕೈಯಲ್ಲೂ ಏನೂ ಇರಲಿಲ್ಲ.

ಸ್ಕ್ಯಾನಿಂಗ್ ಪರದೆಯ ಮೇಲೆ ಇದು ಹಿಮ ಸುರಿದ ಹಾಗೆ ಬೆಳ್ಳಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ ಎಂದು ವೈದ್ಯ ಪುಸ್ತಕಗಳು ಹೇಳುತ್ತವೆ. ಹಿಮ ಕಾಣದ ನಮ್ಮೂರಿನವರು ಕಡಲೆಪುರಿ ಚೆಲ್ಲಿದಂತೆ ಎಂದುಕೊಳ್ಳಬಹುದು. ಈಗೀಗ ಎರಡನೇ ತಿಂಗಳಿಗೇ ಸ್ಕ್ಯಾನ್ ಮಾಡುವುದರಿಂದ ಗುಳ್ಳೆ ದೊಡ್ಡದಾಗುವ ಮುಂಚೆಯೇ ಸಿಕ್ಕಿಬೀಳುತ್ತದೆ. ಅಷ್ಟು ಬೇಗ ಪರದೆಯಲ್ಲಿ ಸ್ಪಷ್ಟವಾಗಿ ಕಾಣದೆಯೂ ಇರಬಹುದು. ಬರೀ ಗರ್ಭಪಾತ ಎಂದುಕೊಂಡು ಕ್ಲೀನ್ ಮಾಡಿದ್ದರಲ್ಲಿ ಕೆಲವೊಮ್ಮೆ ಗುಳ್ಳೆ ಬಸಿರು ಅಡಗಿರುತ್ತದೆ. ಆದ್ದರಿಂದಲೇ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಬೇಕು. ಬಯಾಪ್ಸಿ ರಿಪೋರ್ಟು ಎನ್ನುತ್ತಾರಲ್ಲ, ಅದು. ಬಕೆಟ್ಟಿಗೆ ಸುರಿದು ತೊಳೆದುಬಿಟ್ಟರೆ ಆ ಹೆಣ್ಣುಮಗಳಿಗೆ ಆದದ್ದೇನು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಕ್ಲೀನ್ ಮಾಡಿಸಿದ ಗಂಡಂದಿರು ಬಿಲ್ಲು ಕೇಳುತ್ತಾರೆ, ಡಿಸ್ಕೌಂಟು ಕೇಳುತ್ತಾರೆ. ‘ಸಾರ್, ತುಣುಕು ಟೆಸ್ಟಿಗೆ ಹೋಯ್ತಾ?’ ಎಂದು ಒಂದು ಮಾತು ಕೇಳಿದರೆ ಗಂಟೇನೂ ಹೋಗದು.

ನಂಬರು ಇಳಿಯಬೇಕು

ಈಗ ಆ ವಾರ ವಾರದ ರಕ್ತದ ವಿಷಯ. ಬಸಿರಿನ ಪಟ್ಟಿಯಲ್ಲಿ ಎರಡು ಗೆರೆ ಬರುವುದು ಎಚ್‌ಸಿಜಿ ಎಂಬ ರಸದಿಂದ. ಅದನ್ನು ತಯಾರಿಸುವುದು ಮಾಸಿನ ಕಣಗಳು. ಮಾಸು ಅತಿಯಾಗಿ ಬೆಳೆದಾಗ ಈ ರಸವೂ ಅತಿ. ಗುಳ್ಳೆ ಬಸಿರಿನಲ್ಲಿ ರಿಪೋರ್ಟಿನ ಅಂಕಿ ಒಂದು ಲಕ್ಷ ದಾಟುವುದುಂಟು. ಆ ವಿಪರೀತ ವಾಂತಿಗೂ ಇದೇ ಕಾರಣ. ಬಸಿರಿಲ್ಲದ ಹೆಂಗಸಿನ ರಕ್ತದಲ್ಲಿ ಇದು 5ಕ್ಕಿಂತ ಕಡಿಮೆ.

ಕ್ಲೀನ್ ಮಾಡಿದ ಮೇಲೆ ಈ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಾ ಬರಬೇಕು. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ನೆಲ ಮುಟ್ಟುತ್ತದೆ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ರಿ ಪುಸ್ತಕದಲ್ಲಿ ಒಬ್ಬನ ಬಾಕಿ ಒಂದು ಲಕ್ಷ ಇದ್ದದ್ದು ಹತ್ತು ಸಾವಿರಕ್ಕೆ ಬಂತು, ಸಾವಿರಕ್ಕೆ ಬಂತು ಎಂದು ಯಾರಾದರೂ ಖಾತೆ ಹರಿದು ಹಾಕುತ್ತಾರೆಯೇ? ಚುಕ್ತಾ ಆಗುವ ತನಕ ಬರೆಯುತ್ತಲೇ ಇರುತ್ತಾರೆ. ಇಲ್ಲಿ ಬಾಕಿ ಉಳಿದ ಕಾಸು ಸುಮ್ಮನೆ ಕೂರುವುದಿಲ್ಲ, ಬಡ್ಡಿ ಬೆಳೆಸುತ್ತದೆ.

ಪೂರ್ಣ ಗುಳ್ಳೆ ಬಸಿರಾದ 100 ಜನರಲ್ಲಿ 15ರಿಂದ 20 ಜನಕ್ಕೆ ಕ್ಲೀನ್ ಮಾಡಿದ ಮೇಲೂ ಕಾಯಿಲೆ ಉಳಿದು ಬೆಳೆಯುತ್ತದೆ. ಅರೆ ಬಗೆಯಲ್ಲಿ ಇದು ತೀರಾ ಕಡಿಮೆ, 100ಕ್ಕೆ 5 ಮೀರದು. ಅಂದರೆ ನೂರರಲ್ಲಿ ಎಂಬತ್ತು ಜನಕ್ಕೆ ಕ್ಲೀನಿಂಗಿಗೇ ವಾಸಿ. ಆ ಎಂಬತ್ತರಲ್ಲಿ ನಾನೋ, ಉಳಿದ ಇಪ್ಪತ್ತರಲ್ಲಿ ನಾನೋ ಎಂದು ಮೈ ನೋಡಿ ಹೇಳಲು ಆಗುವುದಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಕೆಲಸ ಮಾಡುತ್ತಾಳೆ, ಒಳಗೆ ಅಂಕಿ ಏರುತ್ತಿರುತ್ತದೆ. ಹೇಳುವುದು ರಕ್ತದ ಆ ನಂಬರೊಂದೇ.

ಲೆಕ್ಕ ಇಷ್ಟೇ. ಮೂರು ವಾರದ ಅವಧಿಯಲ್ಲಿ ನಾಲ್ಕು ಸಲ ನೋಡಿದರೂ ಅಂಕಿ ಅಲ್ಲಾಡದೆ ನಿಂತಿದ್ದರೆ, ಅಥವಾ ಎರಡು ವಾರದಲ್ಲಿ ಮೂರು ಸಲ ನೋಡಿದಾಗ ಏರುತ್ತಲೇ ಹೋದರೆ ಕಾಯಿಲೆ ಉಳಿದಿದೆ ಎಂದರ್ಥ. ಮಿಕ್ಕ ಕ್ಯಾನ್ಸರುಗಳಲ್ಲಿ ತುಣುಕು ತೆಗೆದು ನೋಡದೆ ಮದ್ದು ಶುರು ಮಾಡುವುದು ಅಪರೂಪ. ಇಲ್ಲಿ ನಂಬರೇ ಸಾಕು. ಹರಡಿದ ಗಡ್ಡೆಗೆ ಸೂಜಿ ಚುಚ್ಚಲು ಡಾಕ್ಟರುಗಳು ಹಿಂಜರಿಯುತ್ತಾರೆ ಕೂಡ, ಯಾಕೆಂದರೆ ಇದು ರಕ್ತ ತುಂಬಿದ ಗಡ್ಡೆ, ಮುಟ್ಟಿದರೆ ಸುರಿಯುತ್ತದೆ.

ಮತ್ತೆ ಬಸಿರಾಗಬಾರದು ಎನ್ನುವುದಕ್ಕೂ ಕಾರಣ ಈ ನಂಬರೇ. ಹೊಸ ಬಸಿರಿನಲ್ಲೂ ಎಚ್‌ಸಿಜಿ ಏರುತ್ತದೆ. ಏರಿದ್ದು ಮಗುವಿನಿಂದಲೋ ಗಡ್ಡೆಯಿಂದಲೋ ಗೊತ್ತಾಗದೆ ಹೋಗುತ್ತದೆ. ‘ಹೋದದ್ದು ಹೋಯ್ತು, ಬೇಗ ಇನ್ನೊಂದು ಆಗ್ಲಿ’ ಎನ್ನುವ ಹಿರಿಯರು ಸ್ವಲ್ಪ ತಾಳಬೇಕು. ಗರ್ಭ ನಿರೋಧದ ಗುಳಿಗೆ ತೆಗೆದುಕೊಳ್ಳಬಹುದು. ವಂಕಿ ಹಾಕಿಸುವುದು ಮಾತ್ರ ನಂಬರು ಇಳಿದ ಮೇಲೆ.

ಅಂಕಿ ನೆಲ ಮುಟ್ಟಿದ ಮೇಲೂ ಅದು ಅಲ್ಲೇ ನಿಂತಿದೆ ಎಂದು ಖಾತ್ರಿಯಾಗಲು ಇನ್ನೂ ಕೆಲವು ಪರೀಕ್ಷೆ ಬೇಕು. ಪೂರ್ಣ ಬಗೆಗೆ ತಿಂಗಳಿಗೊಂದರಂತೆ ಮೂರು ತಿಂಗಳು ಎನ್ನುವುದು ಇತ್ತೀಚಿನ ಅಂತಾರಾಷ್ಟ್ರೀಯ ಪದ್ಧತಿ, ಆರು ತಿಂಗಳು ಎನ್ನುವ ಡಾಕ್ಟರುಗಳೂ ಇದ್ದಾರೆ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು. ತಕ್ಕಡಿ ಬದಲಾದರೆ ತೂಕ ಬದಲಾಗುತ್ತದೆ.

ಭೀಮವರಂನ ಹುಡುಗ, ಬೊಂಬಾಯಿಯ ಗಿರಣಿ

ಈ ಕಾಯಿಲೆಗೆ ಮದ್ದು ಸಿಕ್ಕ ಕತೆಯಲ್ಲಿ ನಮ್ಮವರ ಪಾಲು ಸಣ್ಣದಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಯ ಬಸುರಿ ಹೆಂಗಸರಿಗೆ ರಕ್ತ ಯಾಕೆ ಹೀಗೆ ಬತ್ತುತ್ತದೆ ಎಂಬುದು ಅವರ ತಲೆಬಿಸಿ. ಹುದುಗಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯ ತಿನ್ನಿಸಿ ನೋಡಿದರು, ರಕ್ತ ಏರಿತು. ಅದರೊಳಗಿದ್ದ ವಸ್ತುವೇ ಫೋಲಿಕ್ ಆಮ್ಲ. ಇವತ್ತು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದು ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದೂ ಸೇರಿದೆ.

ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯ ಓದಿದವರು. ಗಾಂಧಿಯ ಮಾತು ಕೇಳಿ ಖಾದಿ ತೊಟ್ಟು ಹೋಗಿದ್ದಕ್ಕೆ ಬಿಳಿಯ ಪ್ರೊಫೆಸರಿಗೆ ಸಿಟ್ಟು ಬಂದು ಪೂರ್ತಿ ಪದವಿ ಕೈತಪ್ಪಿತು. ಮುಂದೆ ಅಮೆರಿಕಕ್ಕೆ ಹೋಗಿ ಲೆಡರ್ಲೆ ಕಂಪೆನಿಯ ಸಂಶೋಧನೆಯ ಮುಖ್ಯಸ್ಥರಾದರು. 1940ರ ದಶಕದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು, ಜೊತೆಗೆ ಅದರಂತೆಯೇ ಕಾಣುವ ನಕಲಿಗಳನ್ನೂ ತಯಾರಿಸಿತು. ನಕಲಿ ಬೀಗದ ಕೈ ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ಅಸಲಿ ಕೈ ಹಾಕಲೂ ಬಿಡುವುದಿಲ್ಲ. ಹಾಗೆಯೇ ಈ ನಕಲಿ ಒಳಸೇರಿದರೆ ವೇಗವಾಗಿ ಬೆಳೆಯುವ ಕಣಗಳ ಬೆಳವಣಿಗೆ ನಿಂತುಹೋಗುತ್ತದೆ. ಇಂಥ ಒಂದು ನಕಲಿಗೆ ಮೆಥೋಟ್ರೆಕ್ಸೇಟ್ ಎಂದು ಹೆಸರು. ಸುಬ್ಬರಾವ್ 1948ರಲ್ಲಿ ತೀರಿಕೊಂಡರು.

1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಯ್ ಹರ್ಟ್ಸ್ ಮತ್ತು ಚೀನಾದಿಂದ ಬಂದ ಮಿನ್ ಚಿಯು ಲೀ ಎಂಬ ವೈದ್ಯರು ಈ ಮದ್ದನ್ನು ಮಾಸಿನ ಕ್ಯಾನ್ಸರಿಗೆ ಕೊಟ್ಟು ನೋಡಿದರು. ಶ್ವಾಸಕೋಶಕ್ಕೆ ಹರಡಿ ಸಾವಿನ ಬಾಗಿಲಲ್ಲಿದ್ದ ತರುಣಿಯ ಎಕ್ಸ್‌ರೇಯಲ್ಲಿ ಗಡ್ಡೆ ಕರಗಿಹೋಯಿತು. ಎಲ್ಲರಿಗೂ ಖುಷಿ. ಲೀ ಮಾತ್ರ ಎಕ್ಸ್‌ರೇ ಬದಿಗಿಟ್ಟು ಹಾರ್ಮೋನಿನ ನಂಬರು ನೋಡುತ್ತಿದ್ದರು. ಅದು ಇನ್ನೂ ಸ್ವಲ್ಪ ಉಳಿದಿತ್ತು. ಗಡ್ಡೆ ಕಾಣದಿದ್ದರೂ ನಂಬರು ಪೂರ್ತಿ ಹೋಗುವ ತನಕ ಮದ್ದು ನಿಲ್ಲಿಸುವುದಿಲ್ಲ ಎಂದು ಹಟ ಹಿಡಿದರು. ವಾಸಿಯಾದವರಿಗೆ ವಿಷದಂಥ ಮದ್ದು ಚುಚ್ಚುವುದೇ ಎಂದು ಮೇಲಿನವರು ರೇಗಿದರು, ಲೀ ಕೆಲಸ ಕಳೆದುಕೊಂಡರು. ಕಾಲ ಕಳೆದ ಮೇಲೆ ನೋಡಿದರೆ, ಬೇಗ ಮದ್ದು ನಿಲ್ಲಿಸಿಕೊಂಡವರಲ್ಲಿ ಕಾಯಿಲೆ ತಿರುಗಿ ಬಂದಿತ್ತು. ನಂಬರು ಹೋಗುವ ತನಕ ಲೀ ಕೈಯಲ್ಲಿ ಮದ್ದು ತೆಗೆದುಕೊಂಡವರು ಬದುಕಿದ್ದರು. 1972ರಲ್ಲಿ ಲೀ ಮತ್ತು ಹರ್ಟ್ಸ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಬೇರೆ ಅಂಗಕ್ಕೆ ಹರಡಿದ ಗಡ್ಡೆಯ ಕ್ಯಾನ್ಸರನ್ನು ಬರೀ ಮದ್ದಿನಿಂದ ವಾಸಿ ಮಾಡಿದ್ದು ಇದೇ ಮೊದಲು.

ಕೆಲಸ ಕಳೆದುಕೊಂಡು ಒಬ್ಬ ಡಾಕ್ಟರು ಕಲಿಸಿದ ಪಾಠವನ್ನು ಇಲ್ಲಿ ಜಾತ್ರೆಯ ನೆಪಕ್ಕೆ ಮರೆಯುತ್ತಾರೆ.

ಮದ್ದು ಹೇಗೆ, ಎಷ್ಟು

ನಂಬರು ಇಳಿಯದವರಿಗೆ ಎಕ್ಸ್‌ರೇ, ಸ್ಕ್ಯಾನ್ ಮಾಡಿ ಮಾರ್ಕು ಹಾಕುತ್ತಾರೆ. ವಯಸ್ಸೆಷ್ಟು, ಹಿಂದಿನದು ಗುಳ್ಳೆ ಬಸಿರೋ ಗರ್ಭಪಾತವೋ ಹೆರಿಗೆಯೋ, ಎಷ್ಟು ತಿಂಗಳಾಯಿತು, ಅಂಕಿ ಎಷ್ಟು, ಎಲ್ಲೆಲ್ಲಿ ಹರಡಿದೆ, ಇದನ್ನೆಲ್ಲ ಕೂಡಿ ಒಟ್ಟು. ಪರೀಕ್ಷೆಯಲ್ಲಿ ಮಾರ್ಕು ಹೆಚ್ಚಿದ್ದರೆ ಸಂತೋಷ, ಇಲ್ಲಿ ಉಲ್ಟಾ. 6ರ ತನಕ ಅಪಾಯ ಕಡಿಮೆ, 7 ಮತ್ತು ಮೇಲೆ ಹೆಚ್ಚು.

ಕಡಿಮೆ ಇದ್ದವರಿಗೆ ಒಂದೇ ಮದ್ದು ಸಾಕು, ಹೆಚ್ಚಾಗಿ ಮೆಥೋಟ್ರೆಕ್ಸೇಟ್, ಇಲ್ಲವೇ ಆಕ್ಟಿನೋಮೈಸಿನ್. ಬಹಳ ಕಡೆ ನಡೆಯುವ ಪದ್ಧತಿಯಲ್ಲಿ ದಿನ ಬಿಟ್ಟು ದಿನ ನಾಲ್ಕು ಇಂಜೆಕ್ಷನ್, ನಡುವಿನ ದಿನಗಳಲ್ಲಿ ಫೋಲಿನಿಕ್ ಆಮ್ಲ ಎಂಬ ಕಾಪಾಡುವ ಮದ್ದು, ಒಟ್ಟು ಎಂಟು ದಿನ. ಎರಡು ವಾರಕ್ಕೊಮ್ಮೆ ಹೀಗೊಂದು ಸುತ್ತು. ಬಾಯಿ ಹುಣ್ಣಾಗಬಹುದು, ಸುಸ್ತಾಗಬಹುದು. ಕ್ಯಾನ್ಸರ್ ಮದ್ದೆಂದರೆ ತಲೆ ಬೋಳಾಗುತ್ತದೆ ಎಂದು ಸಿನಿಮಾ ನೋಡಿದವರು ಹೆದರುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಕೂದಲು ಹೋಗುವುದಿಲ್ಲ. ಮದ್ದು ನಡೆಯುವಾಗ ನೋವಿನ ಗುಳಿಗೆಯನ್ನಾಗಲಿ ಮನೆಯಲ್ಲಿ ಉಳಿದ ಫೋಲಿಕ್ ಮಾತ್ರೆಯನ್ನಾಗಲಿ ಕೇಳದೆ ನುಂಗಬಾರದು. ಅಸಲಿ ಬೀಗದ ಕೈ ಮನೆಯಿಂದಲೇ ಹಾಕಿಕೊಟ್ಟಂತಾಗುತ್ತದೆ. ನಂಬರು ಸರಿಹೋದ ಮೇಲೂ ಇನ್ನೆರಡು ಮೂರು ಸುತ್ತು ಕೊಡುತ್ತಾರೆ. ಲೀ ಹಟದ ಫಲ ಅದು.

ಈ ಗುಂಪಿನವರು ಹತ್ತಿರ ಹತ್ತಿರ ಎಲ್ಲರೂ ವಾಸಿಯಾಗುತ್ತಾರೆ. ಒಂದು ಮದ್ದಿಗೆ ಬಗ್ಗದಿದ್ದರೆ ಇನ್ನೊಂದಕ್ಕೆ ಬಗ್ಗುತ್ತದೆ. ಮಾರ್ಕು ಹೆಚ್ಚಿದ್ದವರಿಗೆ ನಾಲ್ಕೈದು ಮದ್ದು ಸೇರಿಸಿ ಕೊಡಬೇಕು, ಅಲ್ಲಿ ಕೂದಲು ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಇದರಲ್ಲಿ ಪಳಗಿದ ದೊಡ್ಡ ಆಸ್ಪತ್ರೆಗಳಲ್ಲಿ ಅಂಥವರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ. ಹೆಚ್ಚಿನವರಿಗೆ ಗರ್ಭಕೋಶ ತೆಗೆಯುವ ಪ್ರಮೇಯವೇ ಬರುವುದಿಲ್ಲ.

ಹೆರಿಗೆಯಾದವರಿಗೂ ಬರುತ್ತದೆ

ಗುಳ್ಳೆ ಬಸಿರಾಗದವರು ನಿಶ್ಚಿಂತೆಯಿಂದ ಇರಬಹುದೇ? ಮಾಸಿನ ಕ್ಯಾನ್ಸರುಗಳಲ್ಲಿ ಉಗ್ರವಾದದ್ದು ಕೋರಿಯೋಕಾರ್ಸಿನೋಮ. ಅದರಲ್ಲಿ ಸುಮಾರು ಅರ್ಧ ಗುಳ್ಳೆ ಬಸಿರಿನ ಬೆನ್ನಿಗೆ ಬರುತ್ತದೆ. ಉಳಿದರ್ಧ ಗರ್ಭಪಾತದ ನಂತರ, ಅಥವಾ ತುಂಬು ತಿಂಗಳು ಕಳೆದು ಮುದ್ದಾದ ಮಗು ಹುಟ್ಟಿದ ನಂತರ. ಬಹಳ ಅಪರೂಪ, ಆದರೆ ಮೋಸ ಮಾಡುವುದು ಇದೇ. ತೊಟ್ಟಿಲಲ್ಲಿ ಮಗು ಆಡುತ್ತಿರುವಾಗ ತಾಯಿಗೆ ಬಸಿರಿನ ಕ್ಯಾನ್ಸರ್ ಎಂದು ಯಾರಿಗೆ ಹೊಳೆಯುತ್ತದೆ?

ಹೆರಿಗೆಯಾಗಿ ತಿಂಗಳುಗಳಾದರೂ ರಕ್ತಸ್ರಾವ ನಿಲ್ಲುವುದಿಲ್ಲ, ಬಾಣಂತಿ ಸೋಂಕು ಎಂದು ಕಷಾಯ ಕುಡಿಸುತ್ತಾರೆ. ಇದು ಹೆಚ್ಚಾಗಿ ಹರಡುವುದು ಶ್ವಾಸಕೋಶಕ್ಕೆ. ಕೆಮ್ಮಿದರೆ ರಕ್ತ, ಏದುಸಿರು. ಕೆಮ್ಮಿನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ, ಅದು ತಪ್ಪೂ ಅಲ್ಲ. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದಾಗ, ಈಚೆಗೆ ಬಸಿರಾಗಿದ್ದ ಹೆಂಗಸು ಎಂಬುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಮಿದುಳಿಗೆ ಹೋದರೆ ತಲೆನೋವು, ಫಿಟ್ಸ್. ಇಂಥ ಗೊಂದಲದಲ್ಲಿ ದಾರಿ ತೋರಿಸಬಲ್ಲದ್ದು ಮೂತ್ರದ ಆ ಬಡ ಪಟ್ಟಿ. ಬಸಿರಿಲ್ಲದ ಹೆಂಗಸಿಗೆ ಎರಡು ಗೆರೆ ಬಂದರೆ ಏಕೆ ಬಂತು ಎಂದು ಬೆನ್ನು ಹತ್ತಲೇಬೇಕು. ಹಾಗೆಂದು ವಾರದ ರಕ್ತದ ಬದಲು ಪಟ್ಟಿ ನೋಡಿಕೊಂಡು ಕೂರುವಂತಿಲ್ಲ, ಪಟ್ಟಿ ಇದೆ ಇಲ್ಲ ಎನ್ನುತ್ತದೆ, ಎಷ್ಟಿದೆ ಎಂದು ಹೇಳದು.

ಮೆಡಿಕಲ್ ಸ್ಟೋರಿನವರಿಗೆ ಒಂದು ಮಾತು. ಗರ್ಭ ಇಳಿಸುವ ಗುಳಿಗೆಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಕಾನೂನು ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯಲ್ಲಿ ಹಾಗೆ ಕೊಡುವ ಅಂಗಡಿ ಇಲ್ಲವೇ ಇಲ್ಲ ಎಂದು ಎದೆ ಮುಟ್ಟಿ ಹೇಳುವವರು ಯಾರಾದರೂ ಇದ್ದಾರೆಯೇ? ಸ್ಕ್ಯಾನ್ ಇಲ್ಲದೆ ಗುಳಿಗೆ ನುಂಗಿದ ಹುಡುಗಿಯ ಹೊಟ್ಟೆಯಲ್ಲಿದ್ದದ್ದು ಗುಳ್ಳೆ ಬಸಿರಾಗಿದ್ದರೆ, ಸುರಿಯುವ ರಕ್ತಕ್ಕೂ ಆಮೇಲೆ ಬೆಳೆಯುವ ಗಡ್ಡೆಗೂ ಯಾವ ಫೈಲೂ ಇರುವುದಿಲ್ಲ.

ಬಸ್ಸು, ಕಾರ್ಡು, ಕಿದ್ವಾಯಿ

ಇಂಗ್ಲೆಂಡಿನಲ್ಲಿ 1973ರಿಂದ ಒಂದು ವ್ಯವಸ್ಥೆ ಇದೆ. ದೇಶದ ಯಾವ ಮೂಲೆಯಲ್ಲಿ ಗುಳ್ಳೆ ಬಸಿರು ಸಿಕ್ಕಿದರೂ ಆ ಹೆಂಗಸಿನ ಹೆಸರು ಕೇಂದ್ರದ ಪುಸ್ತಕಕ್ಕೆ ಏರುತ್ತದೆ. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆ ಅಂಥ ಕೇಂದ್ರಗಳಲ್ಲಿ ಒಂದು. ಹೆಂಗಸು ಅಷ್ಟು ದೂರ ಅಲೆಯಬೇಕಾಗಿಲ್ಲ, ಅವಳ ಊರಿನಿಂದ ಸ್ಯಾಂಪಲ್ಲು ಅಂಚೆಯಲ್ಲಿ ಹೋಗುತ್ತದೆ. ನಮ್ಮಲ್ಲಿ ನೆನಪಿಸುವ ಕೆಲಸ ಮನೆಯವರದೇ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಬಸುರಿ ಇರುತ್ತಾಳೆ, ಬಾಣಂತಿ ಇರುತ್ತಾಳೆ. ಬಸಿರು ಹೋದವಳು ತಾಯಿ ಕಾರ್ಡಿನಿಂದಲೂ ಜಾರಿ, ಮನೆಯವರ ಮಾತಿನಿಂದಲೂ ಜಾರಿಹೋಗುತ್ತಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥವರ ಹೆಸರಿಗೆಂದೇ ಒಂದು ನೋಟ್‌ಬುಕ್ಕು ಇಟ್ಟು, ಬಾರದವರ ಮನೆಗೆ ಫೋನು ಮಾಡಲು ಎಷ್ಟು ಖರ್ಚಾದೀತು? ಆರೋಗ್ಯ ಇಲಾಖೆಯವರು ಯೋಚಿಸಲಿ.

ಬಸ್ ಚಾರ್ಜಿನ ನೆಪ ಈಗ ನಡೆಯುವುದಿಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಖಾಸಗಿ ಲ್ಯಾಬಿನಲ್ಲಿ ಎಚ್‌ಸಿಜಿ ಪರೀಕ್ಷೆಗೆ ಕೆಲವು ನೂರು ರೂಪಾಯಿ ಆಗುತ್ತದೆ, ವಾರ ವಾರಕ್ಕೆ ಅದು ಬಡವರಿಗೆ ಭಾರವೇ. ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಮೊದಲು ವಿಚಾರಿಸಬೇಕು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಯ ಅನುಕೂಲ ಉಂಟು, ಕ್ಯಾನ್ಸರ್ ಮದ್ದೂ ಅದರಲ್ಲಿ ಸೇರಿದೆ.

ಇನ್ನು ಕಿದ್ವಾಯಿ. 1973ರಲ್ಲಿ ಶುರುವಾದ ಬೆಂಗಳೂರಿನ ಆ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ಸಾಕು, ಮನೆಯಲ್ಲಿ ಅಳು ಶುರು. ಕಿದ್ವಾಯಿಗೆ ಹೋದವರು ತಿರುಗಿ ಬರೋದಿಲ್ಲ ಎಂಬ ಮಾತು ಬಸ್ಸಿನಲ್ಲೂ ಕೇಳುತ್ತದೆ, ಹೋಟೆಲಿನಲ್ಲೂ ಕೇಳುತ್ತದೆ. ತಡವಾಗಿ ಹೋದವರ ಕತೆ ಅದು. ಮಾಸಿನ ಕ್ಯಾನ್ಸರಿನಂತೆ ಮದ್ದಿಗೆ ಕರಗುವ ಕ್ಯಾನ್ಸರುಗಳು ಕಡಿಮೆ. ಚೀಟಿ ಕೈಗೆ ಬಂದ ವಾರವೇ ಹೊರಟವರಿಗೆ ಅಳುವ ಕಾರಣ ಇಲ್ಲ.

ಮುಂದೆ ಮಗು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ, ಮನಸ್ಸಿನಲ್ಲಿ ಅದೊಂದೇ ಇರುತ್ತದೆ. ಆಗುತ್ತದೆ. ಕ್ಲೀನಿಂಗಿನಲ್ಲೇ ವಾಸಿಯಾದವರು ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮದ್ದು ತೆಗೆದುಕೊಂಡವರು ಮದ್ದು ನಿಂತು ಒಂದು ವರ್ಷದ ಮೇಲೆ ಬಸಿರಾಗಬಹುದು. ಮತ್ತೆ ಗುಳ್ಳೆ ಬಸಿರಾಗುವ ಸಂಭವ ಸುಮಾರು ನೂರಕ್ಕೆ ಒಂದು. ಆಗ ಎರಡನೇ ತಿಂಗಳಿಗೇ ಸ್ಕ್ಯಾನ್ ಮಾಡಿಸಬೇಕು. ಹೆರಿಗೆಯಾಗಿ ಆರು ವಾರಕ್ಕೆ ಇನ್ನೊಂದು ಸಲ ಎಚ್‌ಸಿಜಿ ನೋಡಿಸಿ ಎಂದು ಅನೇಕ ಡಾಕ್ಟರುಗಳು ಹೇಳುತ್ತಾರೆ.

ಹಳೆಯ ಫೈಲನ್ನು ಅಟ್ಟಕ್ಕೆ ಎಸೆಯದೆ, ಪ್ರತಿ ವಾರದ ತಾರೀಕು ಮತ್ತು ಅಂಕಿಯನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದು ಅದರೊಳಗೆ ಇಟ್ಟುಕೊಳ್ಳಬೇಕು. ಅಂಗಡಿಯ ಗಂಡಂದಿರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ. ಒಂದು ವಾರ ತಪ್ಪಿದ್ದರೆ ಹೆದರಿ ಮನೆಯಲ್ಲೇ ಕೂರಬೇಡಿ. ನಾಳೆ ಬೆಳಗಿನ ಬಸ್ಸಿಗೆ ಹತ್ತಿಸಿ.